ದೋಣಿ ನದಿಯನ್ನು ಉಳಿಸಲಿಲ್ಲ

ಆಲ್ಪ್ಸ್ ಪರ್ವತಶ್ರೇಣಿಯ ಆಗ್ನೇಯ ಅಂಚಿನಲ್ಲಿ, ಸ್ಲೊವೇನಿಯಾ ಎಂಬ ಪುಟ್ಟ ದೇಶದ ಪಶ್ಚಿಮ ಗಡಿಯ ಬಳಿ, ಸೋಚಾ ಎಂಬ ಹೊಳೆ ಹರಿಯುತ್ತದೆ. ತ್ರೆಂತಾ ಕಣಿವೆಯಲ್ಲಿ ಸುಣ್ಣಕಲ್ಲಿನ ಬಿರುಕೊಂದರಿಂದ ಹೊರಬಿದ್ದು, ಸುಮಾರು 138 ಕಿಲೋಮೀಟರ್ ಸಾಗಿ, ಇಟಲಿಯಲ್ಲಿ ಇಸೋಂಜೊ ಎಂಬ ಹೆಸರು ಪಡೆದು ಆಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ನೀರಿನ ಬಣ್ಣ ಅಪ್ಪಟ ಪಚ್ಚೆ. ಬೇಸಿಗೆಯ ನಡುಹಗಲಿನಲ್ಲಿಯೂ ಅದರಲ್ಲಿ ಕೈಯಿಟ್ಟರೆ ಬೆರಳು ಮರಗಟ್ಟುತ್ತದೆ.

ಜುಲೈ ತಿಂಗಳ ಒಂದು ಮುಂಜಾನೆ ಬೋವೆಟ್ಸ್ ಪಟ್ಟಣದ ಕೆಳಗಿನ ಸರ್ಪೆನಿತ್ಸಾ ಹಳ್ಳಿಯ ದಡದಲ್ಲಿ ನಿಂತವರಿಗೆ ಕಾಣುವುದು ವ್ಯಾನುಗಳ ಸಾಲು, ಅವುಗಳ ಹಿಂದಿನ ಗಾಡಿಗಳಲ್ಲಿ ಒಂದರ ಮೇಲೊಂದು ಪೇರಿಸಿದ ರಬ್ಬರ್ ದೋಣಿಗಳು, ಮೈಗಂಟುವ ಕಪ್ಪು ಉಡುಪು ತೊಟ್ಟ ತಂದೆತಾಯಿಗಳು, ತಲೆಗಿಂತ ದೊಡ್ಡ ಹೆಲ್ಮೆಟ್ ಹೊತ್ತ ಮಕ್ಕಳು. ದೋಣಿ ಮೊದಲ ಸೆಳವಿಗೆ ಜಾರಿದೊಡನೆ ಎಲ್ಲರ ಬಾಯಿಂದಲೂ ಒಂದೇ ಕೂಗು ಏಳುತ್ತದೆ. ಎರಡು ಗಂಟೆಗಳ ಬಳಿಕ ಅದೇ ಮಕ್ಕಳು ಟರ್ನೊವೊ ದಡದಲ್ಲಿ ನಡುಗುತ್ತ, ನಗುತ್ತ ಇಳಿಯುತ್ತಾರೆ. ಇದಕ್ಕೆ ವ್ಯಾಪಾರದ ಭಾಷೆಯಲ್ಲಿ "ಕುಟುಂಬಸ್ನೇಹಿ ರಾಫ್ಟಿಂಗ್" ಎಂದು ಹೆಸರು.

ಈ ನೋಟದಲ್ಲಿ ತಪ್ಪು ಹುಡುಕುವುದು ಕಷ್ಟ. ದೋಣಿಗೆ ಯಂತ್ರವಿಲ್ಲ, ಹೊಗೆಯಿಲ್ಲ. ಮಗುವೊಂದು ಹೊಳೆಯ ಬಲವನ್ನು ಮೈಯಿಂದ ಅರಿಯುವುದು ಒಳ್ಳೆಯದೇ. ತಪ್ಪಿರುವುದು ಆ ನಗುವಿನ ಮೇಲೆ ಕಟ್ಟಲಾಗಿರುವ ವಾದದಲ್ಲಿ. ಪ್ರವಾಸೋದ್ಯಮವೇ ನದಿಗಳನ್ನು ಉಳಿಸುತ್ತದೆ, ದೋಣಿಯ ಟಿಕೆಟ್ಟು ಮಾರಾಟವಾಗುವವರೆಗೆ ಅಣೆಕಟ್ಟು ಬರುವುದಿಲ್ಲ, ಆದ್ದರಿಂದ ನದಿಯನ್ನು ಪ್ರೀತಿಸುವವರು ದೋಣಿಯನ್ನು ಸ್ವಾಗತಿಸಬೇಕು ಎಂಬುದು ಆ ವಾದ. ಮಲೆನಾಡಿನ ಸಭೆಗಳಲ್ಲಿಯೂ ಅದು ಬೇರೆ ಮಾತುಗಳಲ್ಲಿ ಕೇಳಿಬರುತ್ತದೆ: ಯೋಜನೆ ಬೇಡವೆಂದರೆ ಪ್ರವಾಸಿಗರನ್ನು ಕರೆತನ್ನಿ; ಹೊಳೆ ದುಡಿದರೆ ಉಳಿಯುತ್ತದೆ, ದುಡಿಯದಿದ್ದರೆ ಮುಳುಗುತ್ತದೆ.

ಸೋಚಾ ನದಿಯ ಚರಿತ್ರೆ ಈ ಮಾತನ್ನು ಸುಳ್ಳಾಗಿಸುತ್ತದೆ.

ಸ್ನೇಹ ಯಾರದು?

ನದಿಯೊಂದು "ಕುಟುಂಬಸ್ನೇಹಿ" ಆಗುವುದು ಹೇಗೆ ಎಂಬುದನ್ನು ಮೊದಲು ಅರಿಯಬೇಕು. ರಭಸದ ನೀರನ್ನು ದೋಣಿಗರು ಆರು ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲ ದರ್ಜೆ ಅಲೆಯೇಳುವ ಹರಿವು ಮಾತ್ರ. ಆರನೆಯದು ಜೀವದಾಸೆ ಬಿಟ್ಟವನಿಗೆ. ಮಕ್ಕಳನ್ನು ಕೂರಿಸುವುದು ಎರಡನೆಯ ದರ್ಜೆಯ ಆಸುಪಾಸಿನ ನೀರಿನಲ್ಲಿ, ಹೆಚ್ಚೆಂದರೆ ಮೂರನೆಯದರ ಅಂಚಿನಲ್ಲಿ. ಆದರೆ ಈ ದರ್ಜೆ ಕಲ್ಲಿನ ಮೇಲೆ ಕೆತ್ತಿದ ಅಂಕಿಯಲ್ಲ. ಪರ್ವತದ ಹಿಮ ಕರಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮೈದುಂಬಿ ಬರುವ ಹೊಳೆ ಆಗಸ್ಟ್ ತಿಂಗಳಲ್ಲಿ ಕಲ್ಲುಗಳ ನಡುವೆ ಇಳಿದುಹೋಗಿರುತ್ತದೆ. ಬೇಸಿಗೆಯಲ್ಲಿ ಮಗು ನಗುತ್ತ ದಾಟುವ ತಿರುವು ವಸಂತದಲ್ಲಿ ನುರಿತ ಈಜುಗಾರನನ್ನೂ ನುಂಗಬಲ್ಲದು.

ಸೋಚಾ ನದಿಯ ಅಪಾಯವಾದರೂ ನೋಡಲು ಸುಲಭವಲ್ಲ. ಬೆಟ್ಟಗಳಿಂದ ಉರುಳಿಬಂದ ಸುಣ್ಣಕಲ್ಲಿನ ಬಂಡೆಗಳು ಪಾತ್ರದಲ್ಲಿ ಒಂದಕ್ಕೊಂದು ಒರಗಿ ನಿಂತಿವೆ. ಅವುಗಳ ಅಡಿಯಲ್ಲಿ ನೀರು ಸಂದುಗಳ ಮೂಲಕ ನುಸುಳುತ್ತದೆ. ಮೇಲ್ಮೈ ಶಾಂತವಾಗಿದ್ದರೂ ತಳದಲ್ಲಿ ಸೆಳೆತವಿರುತ್ತದೆ. ನೀರು ನುಸುಳುವ ಸಂದಿನಲ್ಲಿ ಮನುಷ್ಯ ನುಸುಳಲಾರ. ದಡದಲ್ಲಿ ಹುಟ್ಟಿ ಬೆಳೆದವರಿಗೆ ಈ ಸಂದುಗಳು ಎಲ್ಲಿವೆಯೆಂಬುದು ಗೊತ್ತು. ಶರಾವತಿ, ಅಘನಾಶಿನಿ, ತುಂಗೆಯರ ದಡದವರಿಗೂ ಇದು ಹೊಸ ಮಾತಲ್ಲ. ಯಾವ ಮಡುವಿನಲ್ಲಿ ಮೀಯಬೇಕು, ಯಾವುದರ ಹತ್ತಿರ ಸುಳಿಯಬಾರದು ಎಂಬುದನ್ನು ಅಲ್ಲಿಯ ಮಕ್ಕಳು ಅಕ್ಷರಕ್ಕೂ ಮೊದಲು ಕಲಿಯುತ್ತಾರೆ.

ಹೀಗಾಗಿ ಸ್ನೇಹ ನದಿಯದಲ್ಲ. ಋತುವನ್ನು ನೋಡಿ, ನೀರಿನ ಮಟ್ಟವನ್ನು ನೋಡಿ, "ಇಂದು ಬೇಡ" ಎಂದು ಹೇಳಬಲ್ಲ ಮನುಷ್ಯನ ವಿವೇಕವೇ ಇಲ್ಲಿ ಸ್ನೇಹದ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಆ ವಿವೇಕಕ್ಕೆ ಆಧಾರವಾಗಿರುವುದು ಹೊಳೆಗೆ ಹಾಕಿಕೊಂಡ ಮಿತಿಗಳು. ಸೋಚಾ ನದಿಯ ಮೇಲ್ಭಾಗದಲ್ಲಿ ದೋಣಿಗಳಿಗೆ ಅವಕಾಶವಿರುವುದು ಮಾರ್ಚ್ 15ರಿಂದ ಅಕ್ಟೋಬರ್ 31ರವರೆಗೆ, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ದೋಣಿಯನ್ನು ನೀರಿಗಿಳಿಸುವ, ಮೇಲಕ್ಕೆತ್ತುವ ಸ್ಥಳಗಳು ಗೊತ್ತುಪಡಿಸಿದವು. ದೋಣಿಗರು ಪರವಾನಗಿ ಕೊಳ್ಳಬೇಕು. ಉಳಿದ ನಾಲ್ಕೂವರೆ ತಿಂಗಳು ಹೊಳೆ ತನ್ನ ಪಾಡಿಗೆ ತಾನಿರುತ್ತದೆ. ಇಂಥ ಮಿತಿಗಳ ನೆರಳಿನಲ್ಲಿಯೇ ಕುಟುಂಬಗಳು ನೆಮ್ಮದಿಯಿಂದ ತೇಲುತ್ತಿವೆ. ಪ್ರಚಾರದ ಹಾಳೆಗಳು ಪಚ್ಚೆಬಣ್ಣವನ್ನು ತೋರಿಸುತ್ತವೆ. ಮಿತಿಯನ್ನು ಸಣ್ಣ ಅಕ್ಷರಗಳಲ್ಲಿ ಮುದ್ರಿಸುತ್ತವೆ.

ಮೊದಲು ಕಾನೂನು, ಆಮೇಲೆ ದೋಣಿ

ಸೋಚಾ ಕಣಿವೆ ಒಂದೇ ಶತಮಾನದಲ್ಲಿ ನಾಲ್ಕು ಧ್ವಜಗಳನ್ನು ಕಂಡಿದೆ. ಮೊದಲ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ್ದು. 1915ರಿಂದ 1917ರವರೆಗೆ ಈ ನದಿಯ ಉದ್ದಕ್ಕೂ ಹನ್ನೆರಡು ಕದನಗಳು ನಡೆದವು; ಕೊನೆಯದು ಕೋಬರಿಡ್ ಬಳಿ ಆರಂಭವಾಯಿತು. ಲಕ್ಷಾಂತರ ಸೈನಿಕರು ಸತ್ತರು, ಗಾಯಗೊಂಡರು. ಆ ಬಳಿಕ ಕಣಿವೆ ಇಟಲಿಯ ಪಾಲಾಯಿತು, ಎರಡನೆಯ ಮಹಾಯುದ್ಧದ ತರುವಾಯ ಯುಗೊಸ್ಲಾವಿಯಾಕ್ಕೆ ಸೇರಿತು, 1991ರಿಂದ ಸ್ವತಂತ್ರ ಸ್ಲೊವೇನಿಯಾದ ಭಾಗವಾಯಿತು. ಬಂದ ಯಜಮಾನರೆಲ್ಲರೂ ನದಿಯನ್ನು ತಮ್ಮ ಕಾರ್ಯಕ್ಕೆ ಹೂಡಲು ನೋಡಿದವರೇ. ಇಟಲಿಯ ಆಳ್ವಿಕೆಯಲ್ಲಿ 1939ರಲ್ಲಿ ದೊಬ್ಲಾರ್, 1940ರಲ್ಲಿ ಪ್ಲಾವೆ ಜಲವಿದ್ಯುತ್ ಕೇಂದ್ರಗಳು ಕಾರ್ಯಾರಂಭ ಮಾಡಿದವು. ಯುಗೊಸ್ಲಾವಿಯಾದ ಕಾಲದಲ್ಲಿ 1984ರಲ್ಲಿ ಸೋಲ್ಕಾನ್ ಕೇಂದ್ರ ಬಂದಿತು. ನದಿಯ ಮಧ್ಯಭಾಗ ಹೀಗೆ ಹಿನ್ನೀರುಗಳ ಮೆಟ್ಟಿಲಾಯಿತು.

ಅಣೆಕಟ್ಟುಗಳ ಕಣ್ಣು ಅಷ್ಟಕ್ಕೇ ನಿಂತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಮೇಲಣ ಕಣಿವೆಯಲ್ಲಿಯೂ ವಿದ್ಯುತ್ ಯೋಜನೆಗಳ ನಕ್ಷೆಗಳು ಸಿದ್ಧವಾದವು. ಟರ್ನೊವೊ ಹಳ್ಳಿಯ ಹೆಸರು ಅವುಗಳಲ್ಲಿ ಮುಖ್ಯವಾಗಿತ್ತು. ಆ ನಕ್ಷೆಗಳು ಕಾಂಕ್ರೀಟಾಗಿದ್ದರೆ ಇಂದು ಮಕ್ಕಳ ದೋಣಿ ಜಿಗಿಯುವ ಸೆಳವುಗಳು ಹಿನ್ನೀರಿನ ಕೆಳಗೆ ಮಲಗಿರುತ್ತಿದ್ದವು, ಇಲ್ಲವೇ ನೀರೆಲ್ಲ ಸುರಂಗಕ್ಕೆ ತಿರುಗಿ ಒಣಕಲ್ಲುಗಳಾಗಿರುತ್ತಿದ್ದವು. ಹಾಗಾಗಲಿಲ್ಲ. ವಿರೋಧ ಬೆಳೆಯಿತು, 1976ರಲ್ಲಿ ಸ್ಲೊವೇನಿಯಾದ ಶಾಸನಸಭೆ ಸೋಚಾ ಮತ್ತು ಅದರ ಉಪನದಿಗಳಿಗಾಗಿಯೇ ಪ್ರತ್ಯೇಕ ರಕ್ಷಣಾ ಕಾನೂನನ್ನು ಅಂಗೀಕರಿಸಿತು. ಒಂದು ಪಕ್ಷದ ಆಡಳಿತವಿದ್ದ ದೇಶದಲ್ಲಿ, ವಿದ್ಯುತ್ತೇ ಪ್ರಗತಿಯೆಂದು ನಂಬಿದ್ದ ಕಾಲದಲ್ಲಿ, ಒಂದು ಹೊಳೆಯ ಹೆಸರಿನಲ್ಲಿ ಕಾನೂನು ಬಂದಿತು ಎಂಬುದು ಸಣ್ಣ ಸಂಗತಿಯಲ್ಲ.

ಆ ಹೊತ್ತಿನಲ್ಲಿ ಸೋಚಾ ನದಿಯ ಪರವಾಗಿ ನಿಂತ ಬಲ ಯಾವುದು? ರಾಫ್ಟಿಂಗ್ ಸಂಸ್ಥೆಗಳಲ್ಲ, ಕುಟುಂಬಗಳನ್ನು ದೋಣಿಯಲ್ಲಿ ಕೂರಿಸುವ ವ್ಯಾಪಾರ ಆ ಕಣಿವೆಯಲ್ಲಿ ಬೇರೂರಿದ್ದು ಅದರ ನಂತರದ ದಶಕಗಳಲ್ಲಿ. ನದಿಗೆ ಆಗ ಟಿಕೆಟ್ಟಿನ ಆದಾಯವಿರಲಿಲ್ಲ. ಇದ್ದದ್ದು ಜನರ ನೆನಪಿನಲ್ಲಿ ಒಂದು ಸ್ಥಾನ. ಆ ಕಣಿವೆಯ ವರ್ಸ್ನೊ ಹಳ್ಳಿಯಲ್ಲಿ ಹುಟ್ಟಿದ ಕವಿ ಸೀಮೋನ್ ಗ್ರೆಗೋರ್ಚಿಚ್ (1844–1906) ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೋಚಾ ನದಿಯನ್ನು ಕುರಿತು ಬರೆದ ಕವಿತೆ ಸ್ಲೊವೇನಿಯಾದ ಶಾಲಾಮಕ್ಕಳಿಗೆಲ್ಲ ಪರಿಚಿತ. ತಮ್ಮದು ಎಂದು ಜನ ಹೇಳಿಕೊಳ್ಳುವ ನದಿಯನ್ನು ಕೊಳವೆಗೆ ಹಾಕುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಈ ಅನುಕ್ರಮವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಮೊದಲು ವಿರೋಧ, ಆಮೇಲೆ ಕಾನೂನು, ಅದರ ಫಲವಾಗಿ ಉಳಿದ ಹೊಳೆ, ಕೊನೆಯಲ್ಲಿ ದೋಣಿ. ದೋಣಿ ನದಿಯನ್ನು ಉಳಿಸಲಿಲ್ಲ. ನದಿ ಉಳಿದದ್ದರಿಂದ ದೋಣಿ ತೇಲುತ್ತಿದೆ. ಇನ್ನೊಬ್ಬರು ಬೆವರು ಸುರಿಸಿ ಕಾದ ತೋಟಕ್ಕೆ ಕೊಯ್ಲಿನ ಹೊತ್ತಿಗೆ ಬಂದವನು ತಾನೇ ತೋಟದ ರಕ್ಷಕನೆಂದು ಹೇಳಿಕೊಂಡರೆ ಊರಿನವರು ನಗದಿರುತ್ತಾರೆಯೇ?

ಅಣೆಕಟ್ಟಿನೊಡನೆ ದೋಣಿಗೆ ಜಗಳವಿಲ್ಲ

"ಹಿಂದೆ ಹೇಗಿದ್ದರೂ ಇಂದು ಪ್ರವಾಸಿಗರೇ ಅಣೆಕಟ್ಟಿಗೆ ತಡೆಯಲ್ಲವೇ?" ಎಂದು ಕೇಳುವವರಿದ್ದಾರೆ. ಉತ್ತರ ಅದೇ ನದಿಯಲ್ಲಿ, ಕೆಲವು ಕಿಲೋಮೀಟರ್ ಕೆಳಗಿದೆ. ಮೋಸ್ತ್ ನಾ ಸೋಚಿ ಎಂಬ ಊರಿನ ಬಳಿ ದೊಬ್ಲಾರ್ ಯೋಜನೆಯ ಹಿನ್ನೀರು ಸರೋವರವಾಗಿ ನಿಂತಿದೆ. ಅದರ ಮೇಲೆ ವಿಹಾರದೋಣಿ ಸಾಗುತ್ತದೆ. ಅಲ್ಲಿಯೂ ಕುಟುಂಬಗಳು ಬರುತ್ತವೆ, ಪಚ್ಚೆಬಣ್ಣದ ಚಿತ್ರ ತೆಗೆಯುತ್ತವೆ, ಸಂತುಷ್ಟರಾಗಿ ಮರಳುತ್ತವೆ. ಹರಿವ ನೀರಾದರೇನು, ನಿಂತ ನೀರಾದರೇನು, ವಿಹಾರಕ್ಕೆ ಎರಡೂ ಒಂದೇ.

ಆಲ್ಪ್ಸ್ ಶ್ರೇಣಿಯ ಇನ್ನೊಂದು ತುದಿಯ ಉದಾಹರಣೆ ಇದಕ್ಕಿಂತ ಸ್ಪಷ್ಟವಾಗಿದೆ. ಫ್ರಾನ್ಸಿನ ದಕ್ಷಿಣದಲ್ಲಿ ವೆರ್ದೋಂ ನದಿ ಸುಮಾರು 700 ಮೀಟರ್ ಆಳದವರೆಗಿನ ಕಮರಿಯನ್ನು ಕೊರೆದಿದೆ. ಕಾಸ್ತೆಲ್ಲಾನ್ ಪಟ್ಟಣದ ಮೇಲ್ಗಡೆ ಕಾಸ್ತಿಯೋಂ, ಶೋದಾನ್ ಎಂಬ ಎರಡು ಅಣೆಕಟ್ಟುಗಳಿವೆ. ಬೇಸಿಗೆಯಲ್ಲಿ ಅಲ್ಲಿಯ ರಾಫ್ಟಿಂಗ್ ನಡೆಯುವುದು ವಿದ್ಯುತ್ ಸಂಸ್ಥೆ ನಿಗದಿತ ದಿನಗಳಲ್ಲಿ, ನಿಗದಿತ ವೇಳೆಗೆ ಬಿಡುವ ನೀರನ್ನು ನಂಬಿ. ನೀರು ಬಿಡುವ ದಿನ ನದಿಗೆ ಮಳೆಗಾಲದ ಮೈ. ಬಿಡದ ದಿನ ಬೇಸಿಗೆಯ ಹಳ್ಳದ ಮೈ. ದೋಣಿಯಲ್ಲಿ ಕುಳಿತ ಮಗುವಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಹೆಲ್ಮೆಟ್, ಅದೇ ಹುಟ್ಟು, ಅದೇ ಕೂಗು. ಇನ್ನೂ ಕೆಳಗೆ 1970ರ ದಶಕದಲ್ಲಿ ಕಟ್ಟಿದ ಸೇಂತ್-ಕ್ರುವಾ ಜಲಾಶಯ ಲೆ ಸಾಲ್ ಎಂಬ ಹಳ್ಳಿಯನ್ನು ಮುಳುಗಿಸಿತು. ಊರನ್ನು ಕೆಡವಿ, ಮೇಲೆ ಹೊಸ ಊರು ಕಟ್ಟಿಸಿದರು. ಇಂದು ಆ ಮುಳುಗಿದ ಬೀದಿಗಳ ನೆತ್ತಿಯ ಮೇಲೆ ಪ್ರವಾಸಿಗರು ಪೆಡಲು ತುಳಿಯುವ ದೋಣಿಗಳಲ್ಲಿ ವಿಹರಿಸುತ್ತಾರೆ.

ಮಲೆನಾಡಿನ ಓದುಗರು ಇದನ್ನು ಕಾಣಲು ಫ್ರಾನ್ಸಿಗೆ ಹೋಗಬೇಕಿಲ್ಲ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಬೀಳುವ ನೀರಿನ ಮೇಲೆ. ತಾಲೂಕಿಗೇ ತನ್ನ ಹೆಸರು ಕೊಟ್ಟಿದ್ದ ಹಳೆಯ ಸೂಪಾ ಊರು ಅದೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿಯ ಜನ ಗದ್ದೆ, ಮನೆ, ದೇವಸ್ಥಾನಗಳನ್ನು ಬಿಟ್ಟು ಎದ್ದು ಹೋದರು. ದಾಂಡೇಲಿಗೆ ಬರುವ ಪ್ರವಾಸಿಗೆ ಅದು ಯಾವುದೂ ಕಾಣುವುದಿಲ್ಲ. ಅವನಿಗೆ ಬೇಕಾದದ್ದು ಇಂದು ನೀರು ಬಿಡುತ್ತಾರೆಯೋ ಇಲ್ಲವೋ ಎಂಬ ಸುದ್ದಿ ಮಾತ್ರ.

ಹೀಗೆ ಮುಕ್ತವಾಗಿ ಹರಿವ ನದಿಯಲ್ಲಿಯೂ ದೋಣಿ ತೇಲುತ್ತದೆ, ಕಟ್ಟಿಹಾಕಿದ ನದಿಯಲ್ಲಿಯೂ ತೇಲುತ್ತದೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹೆಚ್ಚು ಅನುಕೂಲ, ಏಕೆಂದರೆ ಅಲ್ಲಿ ನೀರಿಗೆ ವೇಳಾಪಟ್ಟಿಯಿದೆ. ಆಲ್ಪ್ಸ್ ಬಿಸಿಯಾಗುತ್ತಿದೆ, ಹಿಮನದಿಗಳು ಹಿಂದೆ ಸರಿಯುತ್ತಿವೆ. ಹಿಮ ಕಡಿಮೆ ಬಿದ್ದ ವರ್ಷ ಮುಕ್ತ ನದಿಯ ದೋಣಿಗ ದಡದಲ್ಲಿ ಕೈಕಟ್ಟಿ ಕೂರಬೇಕು. ಅಣೆಕಟ್ಟಿನ ಕೆಳಗಿನವನು ಅರ್ಜಿ ಬರೆದರಾಯಿತು. ನಾಳೆ ಯಾವನಾದರೂ ಗುತ್ತಿಗೆದಾರ ಬಂದು "ಮೇಲೆ ಒಂದು ಸಣ್ಣ ಕಟ್ಟೆ ಕಟ್ಟಿದರೆ ನಿಮಗೆ ವರ್ಷಪೂರ್ತಿ ನೀರು" ಎಂದು ಹೇಳಿದಾಗ, ಟಿಕೆಟ್ಟಿನ ಲೆಕ್ಕದಲ್ಲಿಯೇ ನದಿಯನ್ನು ಪ್ರೀತಿಸಿದವರು ಯಾವ ಪಕ್ಷದಲ್ಲಿ ನಿಲ್ಲುತ್ತಾರೆ? ನದಿಯ ಹಕ್ಕನ್ನು ಅದರ ಸಂಪಾದನೆಯ ಮೇಲೆ ನಿಲ್ಲಿಸಿದರೆ, ಹೆಚ್ಚು ಸಂಪಾದನೆ ತೋರಿಸುವವನ ಕೈಗೆ ನದಿಯನ್ನು ಒಪ್ಪಿಸಿಕೊಡುವ ಪತ್ರಕ್ಕೂ ಸಹಿ ಹಾಕಿದಂತೆಯೇ. ಆ ಲೆಕ್ಕದಲ್ಲಿ ವಿದ್ಯುತ್ತು ದೋಣಿಯನ್ನು ಎಂದಿಗೂ ಸೋಲಿಸುತ್ತದೆ.

ಕಟ್ಟಿದ ನದಿಯ ಬೆಲೆಯನ್ನು ತೆರುವವರು ದೋಣಿಯಲ್ಲಿರುವುದಿಲ್ಲ. ಸೋಲ್ಕಾನ್ ದಾಟಿ ಇಟಲಿಯನ್ನು ಹೊಗುವ ಹೊತ್ತಿಗೆ ಸೋಚಾ ನದಿಯ ಮಟ್ಟ ದಿನದೊಳಗೇ ಏರಿ ಇಳಿಯುತ್ತದೆ. ಊರುಗಳ ವಿದ್ಯುತ್ ಬೇಡಿಕೆ ಏರಿದಾಗ ನೀರು ನುಗ್ಗುತ್ತದೆ, ಇಳಿದಾಗ ಹಿಂದೆ ಸರಿಯುತ್ತದೆ. ಏರುವ ನೀರು ಕಲ್ಲಿನಡಿಯ ಹುಳುಗಳನ್ನು ಕೊಚ್ಚಿಕೊಂಡು ಹೋದರೆ, ಹಠಾತ್ತನೆ ಇಳಿಯುವ ನೀರು ಮೀನಿನ ಮರಿಗಳನ್ನು ಜಲ್ಲಿಯ ಮೇಲೆ ಬಿಟ್ಟುಹೋಗುತ್ತದೆ. ಇದಲ್ಲದೆ ಇದ್ರಿಯಾ ಪಟ್ಟಣದ ಗಣಿಯಲ್ಲಿ ಸುಮಾರು 500 ವರ್ಷ ತೆಗೆದ ಪಾದರಸ ಉಪನದಿಯ ಮೂಲಕ ಸೋಚಾ ನದಿಗೆ ಇಳಿದು ತ್ರಿಯೆಸ್ತೆ ಕೊಲ್ಲಿಯ ಕೆಸರಿನವರೆಗೂ ತಲುಪಿದೆ. ಗಣಿ ಮುಚ್ಚಿದರೂ ಪಾದರಸ ಹೊರಟುಹೋಗಲಿಲ್ಲ. ನದಿಯೆಂದರೆ ಚಿತ್ರಕ್ಕೆ ಒಪ್ಪುವ ಹತ್ತಾರು ಕಿಲೋಮೀಟರ್ ಅಲ್ಲ, ಮೂಲದಿಂದ ಮುಖದವರೆಗಿನ ಒಂದೇ ದೇಹ.

ಮೋಜು ಮುಗ್ಧವಲ್ಲ

ಸೋಚಾ ನದಿಗೆ ಮೋಜಿನಿಂದ ಆದ ಹಾನಿ ಇದೇ ಮೊದಲಲ್ಲ. ಅಲ್ಲಿಯ ಮಾರ್ಬಲ್ ಟ್ರೌಟ್ ಎಂಬ ಮೀನಿನ ಕಥೆಯನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. ಮೈಮೇಲೆ ಅಮೃತಶಿಲೆಯ ಗೆರೆಗಳನ್ನು ಹೊತ್ತ ಈ ಮೀನು ಆಡ್ರಿಯಾಟಿಕ್ ಸಮುದ್ರವನ್ನು ಸೇರುವ ನದಿಗಳಲ್ಲಿ ಮಾತ್ರ ಇರುವಂಥದು. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಗಾಳದ ಮೋಜಿಗೆ ಹೆಚ್ಚು ಮೀನು ಸಿಗಲೆಂದು, ಹೊರಗಿನ ಬ್ರೌನ್ ಟ್ರೌಟ್ ಮೀನುಗಳನ್ನು ತಂದು ಹೊಳೆಗೆ ಬಿಟ್ಟರು. ಕೇಡು ಬಯಸಿ ಹಾಗೆ ಮಾಡಿದವರಲ್ಲ. ಆದರೆ ಎರಡು ಜಾತಿಗಳು ಬೆರೆತವು; ಕೆಲವೇ ದಶಕಗಳಲ್ಲಿ ಮೂಲ ತಳಿ ಮುಖ್ಯ ಹೊಳೆಯಿಂದ ಹೆಚ್ಚುಕಡಿಮೆ ಅಳಿಸಿಹೋಯಿತು. ಅದು ನಾಶವಾಯಿತೆಂದೇ ಹಲವರು ಭಾವಿಸಿದ್ದಾಗ, ಅಬ್ಬಿಗಳಿಂದಾಗಿ ಹೊರಮೀನು ಹತ್ತಲಾರದ ಕೆಲವು ದುರ್ಗಮ ಹಳ್ಳಗಳಲ್ಲಿ ಶುದ್ಧ ತಳಿಯ ಮೀನುಗಳು ಸಿಕ್ಕವು. 1993ರಿಂದ ಅವುಗಳ ಪುನಶ್ಚೇತನದ ಕಾರ್ಯ ನಡೆದಿದೆ. ತೋಲ್ಮಿನ್ ಪಟ್ಟಣದ ಗಾಳಗಾರರ ಸಂಘವೇ ಅದರಲ್ಲಿ ಮುಂದಾಗಿ ನಿಂತಿತು ಎಂಬುದು ಗಮನಾರ್ಹ. ಹಿಂದಿನವರ ಮೋಜು ಕೆಡಿಸಿದ್ದನ್ನು ಅದೇ ಬಳಗದ ಮುಂದಿನವರು ತಮ್ಮ ಮೋಜಿಗೆ ಮಿತಿ ಹಾಕಿಕೊಂಡು ಸರಿಪಡಿಸಬೇಕಾಯಿತು.

ಈ ಮೀನು ಮೊಟ್ಟೆಯಿಡುವುದು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ, ಹೊಳೆಯ ತಳದ ಜಲ್ಲಿಯನ್ನು ಬಾಲದಿಂದ ತೋಡಿ. ಸೋಚಾ ನದಿಯಲ್ಲಿ ದೋಣಿಗೆ ರಜೆಯಿರುವುದು ಇದೇ ಕಾಲದಲ್ಲಿ. ವ್ಯಾಪಾರಿಗೆ ಅದು ಖಾಲಿ ತಿಂಗಳು, ಮೀನಿಗೆ ವಂಶದ ತಿಂಗಳು. "ಕುಟುಂಬಸ್ನೇಹಿ" ಎನ್ನುವವರು ಆ ಕುಟುಂಬವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಊರಿನ ಯುವಕರ ಪ್ರಶ್ನೆ

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಬೋವೆಟ್ಸ್, ತ್ರೆಂತಾದಂಥ ಊರುಗಳಿಂದ ಜನ ವಲಸೆ ಹೋದದ್ದು ನಿಜ. ಹಸು, ಕುರಿ, ಹುಲ್ಲುಗಾವಲುಗಳಿಂದ ಬದುಕು ಸಾಗದಾಗ ಯುವಕರು ಬಯಲಿನ ಕಾರ್ಖಾನೆಗಳಿಗೆ ಇಳಿದರು. ದೋಣಿ ಹಲವರಿಗೆ ಊರಿನಲ್ಲಿಯೇ ಉಳಿಯುವ ದಾರಿಯಾಗಿದೆ. ಸೆಳವನ್ನು ಓದಬಲ್ಲ ಯುವಕನೊಬ್ಬ ಅದೇ ವಿದ್ಯೆಯಿಂದ ಸಂಸಾರ ಸಾಕುತ್ತಿದ್ದರೆ ಅವನನ್ನು ಹೊಳೆಯ ವೈರಿಯೆಂದು ಕರೆಯುವುದು ಅನ್ಯಾಯ. ಅಣೆಕಟ್ಟೂ ಬೇಡ, ದೋಣಿಯೂ ಬೇಡ ಎನ್ನುವ ಪಟ್ಟಣದ ಪರಿಸರಪ್ರೇಮಿಯನ್ನು ಕಣಿವೆಯ ತಾಯಿ ಕೇಳಬಹುದಾದ ಪ್ರಶ್ನೆ ಒಂದೇ: "ಹಾಗಾದರೆ ನನ್ನ ಮಗ ಏನು ಮಾಡಬೇಕು?"

ಈ ಪ್ರಶ್ನೆಗೆ ಉತ್ತರ ದೋಣಿಯನ್ನು ನಿಷೇಧಿಸುವುದಲ್ಲ, ಯಜಮಾನಿಕೆಯನ್ನು ಸ್ಪಷ್ಟಗೊಳಿಸುವುದು. ಎಷ್ಟು ದೋಣಿ, ಯಾವ ಕಾಲದಲ್ಲಿ, ಯಾವ ದಡದಿಂದ ಎಂಬುದನ್ನು ನಿರ್ಧರಿಸುವವರು ದಡದ ಊರಿನವರಾದರೆ, ದೋಣಿ ಹೊಳೆಯ ಋತುವಿನಲ್ಲಿ ಒಂದು ಕಸುಬಾಗಿ ಉಳಿಯುತ್ತದೆ. ದೂರದ ಬಂಡವಾಳ ನಿರ್ಧರಿಸಿದರೆ ಅದೇ ದೋಣಿ ಹೊಳೆಯನ್ನು ತನ್ನ ಋತುವಿಗೆ ಬಗ್ಗಿಸುತ್ತದೆ. ದೋಣಿಗನನ್ನು ಅವನ "ಇಂದು ಬೇಡ" ಎಂಬ ಮಾತಿನಿಂದ ಅಳೆಯಬೇಕು. ನೀರು ಏರಿದ ದಿನ, ಕಾಸು ಕೊಟ್ಟು ಬಂದ ಇಪ್ಪತ್ತು ಜನರ ಮುಂದೆ ಆ ಮಾತನ್ನು ಹೇಳುವ ಸ್ವಾತಂತ್ರ್ಯ ಅವನಿಗಿದೆಯೇ? ಇಲ್ಲವಾದರೆ ಆ ರಾಫ್ಟಿಂಗ್ ಮಗುವಿಗೂ ಸ್ನೇಹಿಯಲ್ಲ, ಹೊಳೆಗೂ ಅಲ್ಲ.

ದಡ ಯಾರದು ಎಂದು ಕೇಳಿದಾಗ

ಸ್ಲೊವೇನಿಯಾದ ಜನ ಇಂಥದೇ ಒಂದು ಪ್ರಶ್ನೆಗೆ ಈಚೆಗೆ ಉತ್ತರ ಕೊಟ್ಟಿದ್ದಾರೆ. 2016ರಲ್ಲಿಯೇ ಆ ದೇಶ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು, ಕುಡಿಯುವ ನೀರು ಪ್ರತಿಯೊಬ್ಬರ ಹಕ್ಕು, ಜನರಿಗೆ ನೀರು ಪೂರೈಸುವ ಜಲಮೂಲಗಳು ಆ ಮಟ್ಟಿಗೆ ಮಾರುಕಟ್ಟೆಯ ಸರಕಲ್ಲ ಎಂದು ಬರೆದುಕೊಂಡಿತ್ತು. 2021ರಲ್ಲಿ ಅಲ್ಲಿಯ ಸರ್ಕಾರ ನೀರಿನ ಕಾನೂನನ್ನು ತಿದ್ದಿ, ನದಿ, ಸರೋವರ, ಸಮುದ್ರಗಳ ದಡದಲ್ಲಿ ಸಾರ್ವಜನಿಕ ಬಳಕೆಯ ಕಟ್ಟಡಗಳಿಗೆ ದಾರಿ ತೆರೆಯಲು ಹೊರಟಿತು. ನಿಯಮಗಳು ಹಿಂದಿಗಿಂತ ಬಿಗಿಯಾಗಿವೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ದಡದ ಮೇಲೆ ಹೋಟೆಲು, ಅಂಗಡಿಗಳು ಏಳುತ್ತವೆ, ನೀರಿಗೆ ಹೋಗುವ ದಾರಿ ಮುಚ್ಚುತ್ತದೆ, ಅಂತರ್ಜಲ ಕೆಡುತ್ತದೆ ಎಂದು ಜನ ಎದ್ದರು; ಸಹಿ ಸಂಗ್ರಹಿಸಿ ಜನಮತಗಣನೆಯನ್ನು ಒತ್ತಾಯಿಸಿದರು. ಜುಲೈ 11ರಂದು, ಬೇಸಿಗೆ ರಜೆಯ ನಡುವೆ, ಅರ್ಹರಲ್ಲಿ ಸುಮಾರು ಶೇ. 46 ಮಂದಿ ಬಂದು ಮತ ಹಾಕಿದರು. ಅವರಲ್ಲಿ ಶೇ. 86ಕ್ಕೂ ಹೆಚ್ಚು ಮಂದಿ ತಿದ್ದುಪಡಿಯನ್ನು ತಿರಸ್ಕರಿಸಿದರು.

ಪ್ರವಾಸೋದ್ಯಮ ದೇಶದ ದೊಡ್ಡ ಆದಾಯಗಳಲ್ಲಿ ಒಂದೆಂಬುದು ಆ ಮತದಾರರಿಗೆ ತಿಳಿಯದ ವಿಷಯವಲ್ಲ. ಆದಾಯಕ್ಕೂ ಮೇಲೆ ಒಂದು ಗೆರೆಯಿದೆ ಎಂದು ಅವರು ಹೇಳಿದರು. ಅವರ ತಂದೆತಾಯಿಗಳು 1976ರಲ್ಲಿ ಅಣೆಕಟ್ಟಿನೆದುರು ಕಂಡ ಗೆರೆಯನ್ನೇ ಮಕ್ಕಳು 2021ರಲ್ಲಿ ಕಟ್ಟಡಗಳೆದುರು ಎಳೆದರು.

ಮಗು ಏನನ್ನು ಕಲಿಯಬೇಕು?

ಸೋಚಾ ನದಿಯ ದೋಣಿಯಿಂದ ಇಳಿದ ಮಗುವಿಗೆ ಯಾರಾದರೂ ಈ ಕಥೆಯನ್ನು ಹೇಳಬೇಕು. ನೀನು ಜಿಗಿದ ಆ ಸೆಳವು ಒಂದು ನಕ್ಷೆಯಲ್ಲಿ ಹಿನ್ನೀರಾಗಬೇಕಿತ್ತು. ನಿನಗಿಂತ ಮೊದಲಿನವರು ಬೇಡವೆಂದರು. ನಿನ್ನ ದೋಣಿಯ ಅಡಿಯಲ್ಲಿ ಈಜುವ ಮೀನು ಒಮ್ಮೆ ಅಳಿದುಹೋಗುತ್ತಿತ್ತು. ಮೋಜನ್ನು ಮಿತಿಗೊಳಿಸಿಕೊಂಡವರು ಅದನ್ನು ಉಳಿಸಿದರು. ನಿನಗೆ ನವೆಂಬರಿನಲ್ಲಿ ಇಲ್ಲಿ ಪ್ರವೇಶವಿಲ್ಲ, ಏಕೆಂದರೆ ಆಗ ಹೊಳೆಗೆ ಬೇರೆ ಕೆಲಸವಿದೆ. ಇಷ್ಟನ್ನು ಕಲಿಸಿದ ದೋಣಿ ಪಾಠಶಾಲೆಯಾಗುತ್ತದೆ. ಕಲಿಸದಿದ್ದರೆ ಅದು ಉಬ್ಬಿಸಿದ ರಬ್ಬರು ಮಾತ್ರ.

ಮಲೆನಾಡಿನ ಹೊಳೆಗಳ ದಡಕ್ಕೂ ವ್ಯಾನುಗಳು ಬರುತ್ತಿವೆ. ಅವುಗಳೊಂದಿಗೆ "ಪ್ರವಾಸಿಗರೇ ನಿಮ್ಮ ಹೊಳೆಯ ಕಾವಲುಗಾರರು" ಎಂಬ ಮಾತೂ ಬರುತ್ತದೆ. ಆ ದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಮೇಲೆ ಅಣೆಕಟ್ಟಿನ ಪ್ರಸ್ತಾಪ ಬಂದರೆ ದೋಣಿಯ ಒಡೆಯ ಯಾರೊಡನೆ ನಿಲ್ಲುವನು? ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ದೋಣಿ ಎಲ್ಲಿರುವುದು? ದಡಕ್ಕೆ ಇಳಿಯುವ ದಾರಿ ಊರಿನ ದನಕ್ಕೂ ಬಟ್ಟೆ ಒಗೆಯುವವರಿಗೂ ತೆರೆದಿರುವುದೇ? ಮಿತಿಯನ್ನು ಬರೆಯುವ ಲೇಖನಿ ಯಾರ ಕೈಯಲ್ಲಿದೆ? ಇವಕ್ಕೆ ನೇರ ಉತ್ತರ ಕೊಡಬಲ್ಲ ದೋಣಿಗೆ ಹೊಳೆಯಲ್ಲಿ ಜಾಗವುಂಟು, ಅತಿಥಿಗೆ ಜಗಲಿಯಲ್ಲಿ ಜಾಗವಿರುವಂತೆ.

ಆದರೆ ಮನೆಯನ್ನು ಕಾಯುವ ಹೊಣೆಯನ್ನು ಅತಿಥಿಗೆ ಒಪ್ಪಿಸಿ ಮಲಗುವ ಮನೆಯವನು ಎಲ್ಲಿಯೂ ಇಲ್ಲ. ಹೊಳೆ ಹರಿಯಬೇಕಾದದ್ದು ಅದು ದುಡಿಯುತ್ತದೆ ಎಂಬ ಕಾರಣಕ್ಕಲ್ಲ. ಒಂದು ದೋಣಿಯೂ ತೇಲದ, ಒಂದು ಕಾಸೂ ಹುಟ್ಟದ ವರ್ಷದಲ್ಲಿಯೂ ಅದಕ್ಕೆ ಹರಿಯುವ ಹಕ್ಕಿದೆ. ಆ ಹಕ್ಕಿಗೆ ಸಾಕ್ಷಿ ನುಡಿಯಬೇಕಾದವರು ದಡದಲ್ಲಿ ಬದುಕುವವರು.